ಮೆಶೆನ್ ಬಚ್ಚಿಟ್ಟ ಮೂರು ಸೆಕೆಂಡು

ಹೋದ ತಿಂಗಳು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಏಳನೇ ಕ್ಲಾಸಿನ ಅಕ್ಕನ ಮಗಳು ಸ್ಕೂಲಿನ ಕ್ವಿಜ್‌ಗೆ ತಯಾರಾಗ್ತಿದ್ದಳು. ಕೈಯಲ್ಲೊಂದು ದಪ್ಪನೆಯ ಜನರಲ್ ನಾಲೆಡ್ಜ್ ಪುಸ್ತಕ.

‘ಮಾವ, ಭೂಮಿಯ ಸುತ್ತಳತೆ ಎಷ್ಟು?’

‘ಸುಮಾರು 40,000 ಕಿಲೋಮೀಟರ್’ ಅಂದೆ, ಒಂದು ಸೆಕೆಂಡೂ ಯೋಚಿಸದೆ.

‘ಕರೆಕ್ಟ್. ಆದ್ರೆ ಅಷ್ಟು ರೌಂಡ್ ಫಿಗರ್ ಹೇಗೆ ಬಂತು?’

ಬಾಯಲ್ಲಿದ್ದ ಹಪ್ಪಳ ಬಾಯಲ್ಲೇ ಉಳೀತು. ಮೂವತ್ತೆರಡು ವರ್ಷದ ನಾನು, ದಿನವಿಡೀ ಡೇಟಾ ನೋಡೋದೇ ಕೆಲಸವಾಗಿರೋ ನಾನು, ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ರಾತ್ರಿ ಮನೆಗೆ ಬಂದು ಓದೋಕೆ ಕೂತವನು ಎರಡು ಗಂಟೆಯಾದರೂ ಮಲಗಲಿಲ್ಲ.

ಉತ್ತರ ಸುಲಭ. ಭೂಮಿಯ ಅಳತೆ ಮೀಟರಿಗೆ ಸರಿಹೊಂದಿದ್ದಲ್ಲ, ಮೀಟರನ್ನೇ ಭೂಮಿಯಿಂದ ಕತ್ತರಿಸಿ ತೆಗೆದಿದ್ದು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗೆ ಪ್ಯಾರಿಸ್ ಮೂಲಕ ಒಂದು ಗೆರೆ ಎಳೆಯಿರಿ. ಅದರ ಒಂದು ಕೋಟಿಯಲ್ಲಿ ಒಂದು ಪಾಲೇ ಒಂದು ಮೀಟರ್ ಅಂತ ಫ್ರಾನ್ಸಿನ ವಿಜ್ಞಾನಿಗಳು 1791ರಲ್ಲಿ ತೀರ್ಮಾನಿಸಿದರು. ಹಾಗಾಗಿ ಕಾಲುಭಾಗ 10,000 ಕಿಲೋಮೀಟರ್, ಇಡೀ ಸುತ್ತು 40,000.

ಯಾಕೆ ಇಷ್ಟೆಲ್ಲ ಪಾಡು? ಆಗಿನ ಫ್ರಾನ್ಸಿನಲ್ಲಿ ಊರಿಗೊಂದು ಅಳತೆ. ನಮ್ಮಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಅಂತ ಇತ್ತಲ್ಲ, ಹಾಗೆ. ಅಳತೆಯ ಪಾತ್ರೆ ಧಣಿಯ ಕೈಯಲ್ಲಿ, ಕಾಳು ಸುರಿಯೋದು ರೈತ. ಕ್ರಾಂತಿ ಆದಮೇಲೆ ಜನ ಕೇಳಿದ ನ್ಯಾಯಗಳಲ್ಲಿ ಅಳತೆಯ ನ್ಯಾಯವೂ ಒಂದು. ರಾಜನ ಮೊಳವೂ ಬೇಡ, ಧಣಿಯ ಸೇರೂ ಬೇಡ, ಯಾರಿಗೂ ಸೇರದ, ಎಲ್ಲರಿಗೂ ಸೇರಿದ ಭೂಮಿಯೇ ಅಳತೆಗೋಲಾಗಲಿ ಅನ್ನೋದು ಆಸೆ.

ಆದರೆ ಧ್ರುವದಿಂದ ಸಮಭಾಜಕದವರೆಗೆ ಟೇಪು ಹಿಡಿದು ಓಡೋಕಾಗುತ್ತಾ? ಆ ಗೆರೆಯ ಒಂದು ತುಂಡನ್ನು ಅಳೆದರೆ ಸಾಕು ಅಂದರು. ಉತ್ತರ ಫ್ರಾನ್ಸಿನ ಡನ್‌ಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾವರೆಗೆ, ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅದನ್ನೂ ನೆಲದ ಮೇಲೆ ಪೂರ್ತಿ ಅಳೆಯಬೇಕಿಲ್ಲ. ಒಂದು ತ್ರಿಕೋನದ ಒಂದು ಬದಿ ಮತ್ತು ಕೋನಗಳು ಗೊತ್ತಿದ್ದರೆ ಉಳಿದ ಬದಿಗಳು ಲೆಕ್ಕದಲ್ಲೇ ಸಿಗುತ್ತವೆ. ಚರ್ಚಿನ ಗೋಪುರ, ಕೋಟೆ, ಬೆಟ್ಟದ ತುದಿ ಹೀಗೆ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಹೋಗೋದು. (1800ರಲ್ಲಿ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿ ನಮ್ಮ ಬೆಂಗಳೂರಿನ ಬಯಲಲ್ಲಿ ಸುಮಾರು ಏಳು ಮೈಲಿಯ ಗೆರೆ ಅಳೆದದ್ದೂ ಇದೇ ವಿದ್ಯೆಗಾಗಿ.) ಕೊನೆಗೆ ಎರಡೂ ತುದಿಗಳ ಅಕ್ಷಾಂಶವನ್ನು ನಕ್ಷತ್ರ ನೋಡಿ ಕಂಡುಹಿಡಿದರೆ, ಈ ತುಂಡು ಇಡೀ ಗೆರೆಯ ಎಷ್ಟನೇ ಪಾಲು ಅಂತ ಗೊತ್ತಾಗುತ್ತೆ.

1792ರ ಜೂನ್‌ನಲ್ಲಿ ಇಬ್ಬರು ಖಗೋಳಜ್ಞರು ಪ್ಯಾರಿಸ್‌ನಿಂದ ಹೊರಟರು. ಉತ್ತರದ ಪಾಲು ದೆಲಾಂಬ್ರ್‌ಗೆ, ದಕ್ಷಿಣದ್ದು ಪಿಯೇರ್ ಮೆಶೆನ್‌ಗೆ. ಹೆಚ್ಚೆಂದರೆ ಒಂದು ವರ್ಷದ ಕೆಲಸ ಅಂದುಕೊಂಡಿದ್ದರು. ಹಿಡಿದದ್ದು ಏಳು ವರ್ಷ. ನಡುವೆ ರಾಜನ ತಲೆ ಹೋಯಿತು, ಅವರನ್ನು ಕಳಿಸಿದ್ದ ಅಕಾಡೆಮಿಯನ್ನೇ ಮುಚ್ಚಿದರು, ಅಳತೆಯ ಸಮಿತಿಯಲ್ಲಿದ್ದ ಲಾವಾಸಿಯೇ 1794ರಲ್ಲಿ ಗಿಲೊಟಿನ್‌ಗೆ ಬಲಿಯಾದ. ಗೋಪುರ ಹತ್ತಿ ದುರ್ಬೀನು ಹಿಡಿಯುತ್ತಿದ್ದ ದೆಲಾಂಬ್ರ್‌ನನ್ನು ಗೂಢಚಾರ ಅಂತ ಹಳ್ಳಿಯವರು ಹಿಡಿದು ಕೂರಿಸಿದ್ದೂ ಉಂಟು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಮೆಶೆನ್. ಅವನ ಶಿಸ್ತಿಗೆ ಹೆಸರು. ಮೊದಲ ಚಳಿಗಾಲದಲ್ಲಿ ಬಾರ್ಸಿಲೋನಾದ ಮೊಂಜುಯಿಕ್ ಕೋಟೆಯ ಮೇಲೆ ರಾತ್ರಿಗಟ್ಟಲೆ ನಿಂತು, ಒಂದೇ ನಕ್ಷತ್ರವನ್ನು ಮತ್ತೆ ಮತ್ತೆ ಅಳೆದು ಅಕ್ಷಾಂಶ ತೆಗೆದ. ಅಷ್ಟರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಯುದ್ಧ. ಶತ್ರುದೇಶದವನಾದ ಇವನು ಅಲ್ಲೇ ಸಿಕ್ಕಿಬಿದ್ದ. ಒಂದು ನೀರಿನ ಪಂಪು ನೋಡಲು ಹೋಗಿ ಅಪಘಾತವಾಗಿ, ಎಲುಬು ಮುರಿದು ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದ. ಚೇತರಿಸಿಕೊಂಡ ಮೇಲೆ, ಸುಮ್ಮನಿರಲಾರದೆ, ಊರೊಳಗೆ ತಾನಿದ್ದ ಹೋಟೆಲಿನಿಂದಲೇ ಮತ್ತೊಮ್ಮೆ ಅಕ್ಷಾಂಶ ಅಳೆದ. ಹೋಟೆಲಿಗೂ ಕೋಟೆಗೂ ಇರುವ ದೂರವನ್ನು ತ್ರಿಕೋನದಿಂದ ಲೆಕ್ಕ ಹಾಕಿದ. ಎರಡೂ ತಾಳೆಯಾಗಬೇಕಿತ್ತು.

ಆಗಲಿಲ್ಲ. ಮೂರು ಸೆಕೆಂಡಿನ ವ್ಯತ್ಯಾಸ. ಇದು ಗಡಿಯಾರದ ಸೆಕೆಂಡಲ್ಲ, ಕೋನದ್ದು. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಅದರಲ್ಲಿ ಮೂರು. ನೆಲದ ಮೇಲೆ ತೊಂಬತ್ತು ಮೀಟರಿಗೂ ಮಿಕ್ಕಿದ ದೂರ. ಕೋಟೆಗೆ ಹೋಗಿ ಮತ್ತೆ ಅಳೆಯೋಣ ಅಂದರೆ ಯುದ್ಧದ ಕಾಲ, ಬಿಡುತ್ತಿರಲಿಲ್ಲ.

ಮೆಶೆನ್ ಏನು ಮಾಡಿದ ಗೊತ್ತಾ? ಯಾರಿಗೂ ಹೇಳಲಿಲ್ಲ. ಹೋಟೆಲಿನ ಲೆಕ್ಕವನ್ನು ಬಚ್ಚಿಟ್ಟ. ಸ್ಪೇನ್ ಬಿಟ್ಟ ಮೇಲೂ ಇಟಲಿಯಲ್ಲಿ ತಿಂಗಳುಗಟ್ಟಲೆ ಕಾಲ ತಳ್ಳಿದ. ಫ್ರಾನ್ಸಿಗೆ ಬಂದರೂ ಪ್ಯಾರಿಸ್‌ಗೆ ಹೋಗಲಿಲ್ಲ. ಕೊನೆಗೆ 1798ರಲ್ಲಿ ಅವನ ಹೆಂಡತಿಯೇ ದೂರದ ದಕ್ಷಿಣಕ್ಕೆ ಪ್ರಯಾಣ ಮಾಡಿ, ಕೆಲಸ ಮುಗಿಸುವಂತೆ ಒಪ್ಪಿಸಬೇಕಾಯಿತು. ಹಲವು ದೇಶಗಳ ವಿದ್ವಾಂಸರ ಸಭೆ ಸೇರಿದಾಗ ಅವನು ಮೂಲ ಪುಸ್ತಕಗಳನ್ನು ಕೊಡಲಿಲ್ಲ. ಅಂಕಿಗಳನ್ನು ತಿದ್ದಿ ತೀಡಿದ ಸಾರಾಂಶ ಕೊಟ್ಟ. ಎಲ್ಲರೂ ‘ಎಂಥಾ ನಿಖರತೆ!’ ಅಂತ ಹೊಗಳಿದರು. 1799ರ ಜೂನ್‌ನಲ್ಲಿ ಪ್ಲಾಟಿನಂ ಮೀಟರ್ ಪಟ್ಟಿ ಸಿದ್ಧವಾಯಿತು. ಹೊಗಳಿಸಿಕೊಂಡವನ ಹೊಟ್ಟೆಯಲ್ಲಿ ಮಾತ್ರ ಬೆಂಕಿ.

ಪ್ಯಾರಿಸ್ ವೀಕ್ಷಣಾಲಯದ ಮುಖ್ಯಸ್ಥನಾದರೂ ಅವನಿಗೆ ನೆಮ್ಮದಿಯಿಲ್ಲ. ಅಳತೆಯನ್ನು ಇನ್ನೂ ದಕ್ಷಿಣದ ದ್ವೀಪಗಳವರೆಗೆ ಚಾಚುತ್ತೇನೆ ಅಂತ ಮತ್ತೆ ಸ್ಪೇನಿಗೆ ಹೊರಟ. ಹಾಗೆ ಮಾಡಿದರೆ ಗೆರೆಯ ತುದಿ ಬಾರ್ಸಿಲೋನಾದಿಂದ ಮುಂದಕ್ಕೆ ಹೋಗುತ್ತಿತ್ತು, ಹಳೆಯ ಆ ಅಂಕಿಯ ಅಗತ್ಯವೇ ಇರುತ್ತಿರಲಿಲ್ಲ. ಅಲ್ಲೇ ಜ್ವರ ಬಂದು 1804ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಅವನ ಕಾಗದಪತ್ರಗಳು ದೆಲಾಂಬ್ರ್ ಕೈಗೆ ಬಂದಾಗಲೇ ಹತ್ತು ವರ್ಷದ ಗುಟ್ಟು ಬಯಲಾದದ್ದು.

ಈಗ ಕಥೆಯ ಅತ್ಯಂತ ಸಂಕಟದ ಭಾಗ. ಮೆಶೆನ್ ತಪ್ಪೇ ಮಾಡಿರಲಿಲ್ಲ. ನಮ್ಮ ಅಡುಗೆಮನೆಯ ಗಡಿಯಾರ ಐದು ನಿಮಿಷ ಮುಂದಿದೆ ಅಂದುಕೊಳ್ಳಿ. ನೀವು ನೂರು ಸಲ ನೋಡಿ ಸರಾಸರಿ ತೆಗೆದರೂ ಅದು ಐದು ನಿಮಿಷ ಮುಂದೆಯೇ ಇರುತ್ತೆ. ಕಣ್ಣಿನ ಸಣ್ಣಪುಟ್ಟ ತಪ್ಪುಗಳು ಸರಾಸರಿಯಲ್ಲಿ ಕರಗುತ್ತವೆ, ಉಪಕರಣದ ಓರೆ ಕರಗಲ್ಲ. ನೆತ್ತಿಯ ಉತ್ತರಕ್ಕೆ ಹಾಯುವ ನಕ್ಷತ್ರಗಳಲ್ಲಿ ಆ ಓರೆ ಒಂದು ಕಡೆಗೆ ಎಳೆದರೆ, ದಕ್ಷಿಣಕ್ಕೆ ಹಾಯುವವುಗಳಲ್ಲಿ ಇನ್ನೊಂದು ಕಡೆಗೆ ಎಳೆಯುತ್ತೆ. ಮುಂದೆ ಬಂದ ಖಗೋಳಜ್ಞರು ಅವನದೇ ಅಂಕಿಗಳನ್ನು ತಗೊಂಡು ಎರಡನ್ನೂ ಸರಿದೂಗಿಸಿದಾಗ ಆ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಯಿತು.

ಮೀಟರ್ ನಿಜಕ್ಕೂ 0.2 ಮಿಲಿಮೀಟರ್‌ನಷ್ಟು ಗಿಡ್ಡವಾಗಿದೆ. ಆದರೆ ಅದಕ್ಕೆ ಮುಖ್ಯ ಕಾರಣ ಮೆಶೆನ್ ಅಲ್ಲ, ಭೂಮಿ ಧ್ರುವಗಳಲ್ಲಿ ಎಷ್ಟು ಚಪ್ಪಟೆಯಾಗಿದೆ ಅನ್ನೋ ಅಂದಾಜು ತಪ್ಪಿದ್ದು. ಅವನು ಸತ್ತ ಮರುವರ್ಷವೇ, 1805ರಲ್ಲಿ, ಲೆಜಾಂಡ್ರ್ ಎಂಬ ಗಣಿತಜ್ಞ ಒಂದಕ್ಕೊಂದು ತಾಳೆಯಾಗದ ಅಳತೆಗಳಿಂದ ಒಳ್ಳೆಯ ಉತ್ತರ ತೆಗೆಯುವ ‘ಕನಿಷ್ಠ ವರ್ಗ’ಗಳ ವಿಧಾನ ಪ್ರಕಟಿಸಿದ. ಉದಾಹರಣೆಗೆ ಅವನು ಬಳಸಿದ್ದು ಇದೇ ಡನ್‌ಕರ್ಕ್–ಬಾರ್ಸಿಲೋನಾ ಗೆರೆಯ ಅಂಕಿಗಳನ್ನು. ನಾವಿಂದು ಎಕ್ಸೆಲ್‌ನಲ್ಲಿ ಟ್ರೆಂಡ್‌ಲೈನ್ ಹಾಕ್ತೀವಲ್ಲ, ಅದರ ಬೇರು ಅಲ್ಲಿದೆ.

ಇದನ್ನು ಓದುವಾಗ ನನಗೆ ನನ್ನದೇ ಒಂದು ಫೈಲು ನೆನಪಾಗ್ತಿತ್ತು. ಎರಡು ವರ್ಷದಿಂದ ತಿಂಗಳಿಗೊಂದು ರಿಪೋರ್ಟ್ ಕಳಿಸ್ತೀನಿ. ಎರಡು ಸಿಸ್ಟಮ್‌ಗಳಿಂದ ಗ್ರಾಹಕರ ಲೆಕ್ಕ ಬರುತ್ತೆ, ಎರಡೂ ಯಾವತ್ತೂ ತಾಳೆಯಾಗಲ್ಲ. ಮೊದಲ ತಿಂಗಳು ನಾನೇ ಎಲ್ಲೋ ಎಡವಿದ್ದೀನಿ ಅಂತ ಹೆದರಿ, ಎರಡನೇ ಕಾಲಂ ಅಳಿಸಿ ಕಳಿಸಿದೆ. ಯಾರೂ ಕೇಳಲಿಲ್ಲ. ಮುಂದಿನ ತಿಂಗಳೂ ಅಳಿಸಿದೆ. ಆಮೇಲೆ ಹೇಳೋಕೆ ಮುಖವೇ ಇರಲಿಲ್ಲ.

ಸೋಮವಾರ ಮ್ಯಾನೇಜರ್‌ಗೆ ಮೇಲ್ ಹಾಕಿದೆ, ಎರಡೂ ಕಾಲಂ ಇಟ್ಟು. ಬೈಗುಳ ತಿಂದೆ, ಸುಳ್ಳು ಹೇಳಲ್ಲ. ಆದರೆ ಸಂಜೆಯೊಳಗೆ ಪಕ್ಕದ ಟೀಮಿನ ಹುಡುಗಿಯೊಬ್ಬಳು ಕಾರಣ ಹುಡುಕಿದಳು. ಒಂದು ಸಿಸ್ಟಮ್ ನಮ್ಮ ಸಮಯದ ಪ್ರಕಾರ ತಿಂಗಳು ಮುಗಿಸುತ್ತೆ, ಇನ್ನೊಂದು ಗ್ರೀನಿಚ್ ಸಮಯದ ಪ್ರಕಾರ, ಐದೂವರೆ ಗಂಟೆ ತಡವಾಗಿ. ನಾನು ಎಡವಿರಲೇ ಇಲ್ಲ. ಎರಡು ವರ್ಷ ಬಚ್ಚಿಟ್ಟದ್ದಕ್ಕೆ ಉತ್ತರ ಸಿಗೋಕೆ ಬೇಕಾಗಿದ್ದು ಒಂದು ದಿನ.

ಅಕ್ಕನ ಮಗಳಿಗೆ ಫೋನ್ ಮಾಡಿ ಮೀಟರಿನ ಕಥೆ ಪೂರ್ತಿ ಹೇಳಿದೆ. ಈಗ ಪ್ಲಾಟಿನಂ ಪಟ್ಟಿ ಇಲ್ಲ, ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಪಾಲಿನಲ್ಲಿ ಓಡೋ ದೂರವೇ ಮೀಟರ್, 1983ರಿಂದ ಹಾಗೆ, ಅಂತಲೂ ಹೇಳಿದೆ. ಎಲ್ಲ ಕೇಳಿಸಿಕೊಂಡು, ‘ಪಾಪ, ಮೆಶೆನ್ ದೆಲಾಂಬ್ರ್‌ಗಾದ್ರೂ ಹೇಳಬಹುದಿತ್ತಲ್ವಾ ಮಾವ?’ ಅಂದಳು. ಹೇಳಬಹುದಿತ್ತು ಪುಟ್ಟಿ, ಅಂದೆ.