ಕೋವಿ ಒಂದೆಡೆ, ಕೇಪು ಇನ್ನೊಂದೆಡೆ

ಸಿದ್ದಾಪುರ ಸೀಮೆಯ ನಮ್ಮ ಮನೆಯ ಜಗಲಿಯಲ್ಲಿ ಅಪ್ಪಯ್ಯನ ಕೇಪಿನ ಕೋವಿ ಗೋಡೆಯ ಎತ್ತರದ ಗೂಟದಲ್ಲಿ ತೂಗುತ್ತಿತ್ತು. ಮದ್ದು ಮೆತ್ತಿಯ ಒಣ ಮೂಲೆಯಲ್ಲಿ. ಮದ್ದಿಗೆ ಕಿಡಿ ಕೊಡುವ ಕೇಪಿನ ಡಬ್ಬಿ ಆಯಿಯ ಪೆಟ್ಟಿಗೆಯೊಳಗೆ, ಬೀಗದ ಕೈ ಅವಳ ಸೊಂಟದಲ್ಲಿ. ಗದ್ದೆಯ ಮಾಳದಿಂದ ಹಂದಿ ಬಂತೆಂಬ ಕೂಗು ಕೇಳಿದರೂ ಅಪ್ಪಯ್ಯ ಆಯಿಯನ್ನು ಎಬ್ಬಿಸಿ ಕೇಪು ಕೇಳಬೇಕಿತ್ತು. ನಾನು ಆ ಗೋಡೆಯ ಹತ್ತಿರ ಸುಳಿದರೆ ಸಾಕು, "ಕೂಸೇ, ಅದ್ನ ಮುಟ್ಟಡ" ಎಂಬ ಗದರಿಕೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ಕೋವಿ ಎಂದರೆ ಹಾರೆ, ಕತ್ತಿಗಳ ಸಾಲಿನದು. ಆಯುಧಪೂಜೆಯ ದಿನ ಅವುಗಳ ಜೊತೆಗೇ ಅದಕ್ಕೂ ಕುಂಕುಮ. ಹಂದಿ ಗದ್ದೆಗೆ ನುಗ್ಗುತ್ತದೆ, ಮಂಗ ಬಾಳೆಗೊನೆ ಸಿಗಿದು ಎಳೆ ಅಡಿಕೆ ಉದುರಿಸುತ್ತದೆ. ಅಪ್ಪಯ್ಯ ಮಂಗನಿಗೆ ಗುರಿಯಿಟ್ಟವನಲ್ಲ. ಚರೆ ಹಾಕದೆ ಬರೀ ಮದ್ದು ತುಂಬಿ, ನಾರು ತುರುಕಿ, ಸಲಾಕೆಯಿಂದ ಜಡಿದು ಈಡು ಹೊಡೆಯುತ್ತಿದ್ದ. ಸದ್ದಿಗೆ ಹಿಂಡು ಬೆಟ್ಟ ಹತ್ತುತ್ತಿತ್ತು. ಒಂದು ಈಡಾದ ಮೇಲೆ ಇನ್ನೊಂದಕ್ಕೆ ಇದೆಲ್ಲ ಮೊದಲಿನಿಂದ ಆಗಬೇಕು. ಆ ನಿಧಾನವೇ ಒಂದು ಕಾವಲಾಗಿತ್ತೆಂದು ಈಗ ಅನಿಸುತ್ತದೆ.

ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ, 1878ರಲ್ಲಿ, ಬಂದ ಆಯುಧ ಕಾಯ್ದೆ ಭಾರತೀಯರ ಕೈಯ ಕೋವಿಗೆ ಪರವಾನಗಿ ಕಡ್ಡಾಯ ಮಾಡಿತು. 1862ರಲ್ಲೇ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೂ ಅದೇ ಕಟ್ಟಳೆ. ಕೊಡವರಿಗಾದರೆ ವಿನಾಯಿತಿ ಸಿಕ್ಕಿತು. ಅಲ್ಲಿ ಕೋವಿ ಕುಲದ ಗೌರವ. ಆ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದ್ದಾರೆ. ನಮ್ಮ ಕೋವಿಗೆ ಅಂಥ ಹಿರಿಮೆ ಇರಲಿಲ್ಲ. ಸ್ವಾತಂತ್ರ್ಯದ ನಂತರದ 1959ರ ಕಾಯ್ದೆ, ಬೆಳೆ ಕಾಯಲು ನಿಜವಾಗಿ ಬೇಕಾದವರಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿ ಕೊಡಬೇಕೆಂದಿತು. ಕೋವಿ ಇಟ್ಟುಕೊಳ್ಳುವ ವಯಸ್ಸು ಮೊದಲು ಹದಿನಾರಿತ್ತು, 1983ರಲ್ಲಿ ಇಪ್ಪತ್ತೊಂದಾಯಿತು. ನಮ್ಮಲ್ಲಿ ಕೋವಿಯ ಹಕ್ಕು ಹುಟ್ಟಿದ್ದು ತೋಟದಿಂದ.

ಚುನಾವಣೆ ಬಂತೆಂದರೆ ಕೋವಿ ಪೊಲೀಸ್ ಠಾಣೆಗೆ ಹೋಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಯಿತು, ನಮ್ಮ ಮತದಾನ ಮೇ 7ಕ್ಕೆ, ಸಂಹಿತೆ ಮುಗಿದದ್ದು ಜೂನ್‌ನಲ್ಲಿ. ಅಷ್ಟು ದಿನ ಮಂಗ, ಹಂದಿ ಸುಮ್ಮನಿರುತ್ತವೆಯೇ? ರೈತರ ಈ ಸಂಕಟ ನ್ಯಾಯವಾದದ್ದು. ಬೆಳೆಗಾರನನ್ನು ಗೂಂಡಾನ ಸಾಲಿನಲ್ಲಿ ನಿಲ್ಲಿಸಬಾರದು.

ಆದರೆ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳಿಗೆ ಇನ್ನೊಂದು ಚಿಂತೆಯೂ ಇದೆ. ಅಮೆರಿಕದಲ್ಲಿ 1791ರಿಂದಲೇ ಸಂವಿಧಾನದಲ್ಲಿ ಬರೆದಿಟ್ಟ ಹಕ್ಕು ಬಂದೂಕಿನದು. 2012ರ ಡಿಸೆಂಬರ್ 14ರಂದು ಅಲ್ಲಿನ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಪುಟ್ಟ ಮಕ್ಕಳು, ಆರು ಮಂದಿ ಶಿಕ್ಷಕಿಯರು ಮತ್ತು ಸಿಬ್ಬಂದಿ ಗುಂಡಿಗೆ ಸತ್ತರು. ಗುಂಡು ಹಾರಿಸಿದ ಯುವಕ ಒಯ್ದದ್ದು ಅವನ ತಾಯಿ ಕಾನೂನಿನಂತೆಯೇ ಕೊಂಡು ಮನೆಯಲ್ಲಿಟ್ಟ ಬಂದೂಕು. ಶಾಲೆಯ ಗೇಟು ಎಷ್ಟು ಗಟ್ಟಿ ಎಂದು ಅಲ್ಲಿ ಇಂದಿಗೂ ವಾದ ನಡೆದಿದೆ. ನನಗೆ ನೆನಪಾದದ್ದು ಆಯಿಯ ಸೊಂಟದ ಬೀಗದ ಕೈ.

ಈಗ ನಮ್ಮ ತೋಟಗಳಿಗೆ ಏರ್‌ಗನ್ ಬಂದಿದೆ. 4.5 ಮಿಲಿಮೀಟರ್ ನಳಿಗೆಯ, ಕಡಿಮೆ ಬಲದ ಏರ್‌ಗನ್ನಿಗೆ ಪರವಾನಗಿ ಬೇಡ. ಮದ್ದಿಲ್ಲ, ಕೇಪಿಲ್ಲ, ಜಡಿಯುವ ಕೆಲಸವಿಲ್ಲ. ಹತ್ತಿರದಿಂದ ತಾಗಿದರೆ ಮಗುವಿನ ಜೀವ ತೆಗೆಯಲು ಅದೂ ಸಾಕು. ನಿವೃತ್ತಿಗೆ ಮುಂಚಿನ ವರ್ಷ ಮೂರನೇ ಇಯತ್ತೆಯ ಹುಡುಗನೊಬ್ಬ ತಾನೇ ಮಂಗ ಓಡಿಸಿದೆನೆಂದು ಹೆಗಲಿಗೆ ಕೋಲು ಒರಗಿಸಿ, ಒಂದು ಕಣ್ಣು ಮುಚ್ಚಿ ತೋರಿಸಿದ. ಆಡುವ ಮಗು ಹಿಡಿಯುವ ರೀತಿ ಅದಲ್ಲ. ಅಂದು ಸಂಜೆಯೇ ಅವನ ಮನೆಗೆ ಹೋದೆ. ಏರ್‌ಗನ್ ಬಚ್ಚಲ ಬಾಗಿಲ ಪಕ್ಕ ಒರಗಿತ್ತು, ಚರೆಯ ಡಬ್ಬಿ ಅದರ ಬುಡದಲ್ಲೇ.

"ಇದಕ್ಕೆ ಲೈಸನ್ನೇ ಬೇಡ್ವಂತಲ್ರೀ ಅಕ್ಕೋರೇ" ಎಂದಳು ಅವನ ತಾಯಿ. ನಾನು ಆಯಿಯ ಪೆಟ್ಟಿಗೆಯ ಕತೆ ಹೇಳಿದೆ. ಅವಳು ಮಾತಾಡದೆ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಟ್ರಂಕಿನ ಚಿಲಕ ಬಿದ್ದ ಸದ್ದು ಕೇಳಿಸಿತು. ಹೊರಬರುವಾಗ ಕೈಯಲ್ಲಿದ್ದ ಬೀಗದ ಕೈಯನ್ನು ಕರಿಮಣಿ ಸರದ ಪಿನ್ನಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು.