ಮೋಟರ್‌ಹೋಮ್ ವಾಟರ್ ಹೀಟರ್

ಅಡುಗೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊತ್ತು ಓಡಾಡುವ ವಾಹನದಲ್ಲಿ ನೀರು ಕಾಯಿಸುವ ಸಾಧನ. ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ 6 ಅಥವಾ 10 ಗ್ಯಾಲನ್, ಅಂದರೆ ಸುಮಾರು 23 ಅಥವಾ 38 ಲೀಟರ್ ತೊಟ್ಟಿಯ ಹೀಟರ್ ಸಾಮಾನ್ಯ. ಇದು ಪ್ರೊಪೇನ್ ಅನಿಲದಿಂದಲೂ, ಹಲವು ಮಾದರಿಗಳಲ್ಲಿ 120 ವೋಲ್ಟ್ ವಿದ್ಯುತ್ತಿನಿಂದಲೂ ನಡೆಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ನೀರು ಬೇಗ ಕಾಯುತ್ತದೆ. ಸ್ವಿಚ್ಚಿನಿಂದ ಹೊತ್ತುವ ಮಾದರಿಗಳಲ್ಲಿ ಅನಿಲ ಬಳಸುವಾಗಲೂ ಕಿಡಿಗೆ 12 ವೋಲ್ಟ್ ಬ್ಯಾಟರಿ ಬೇಕೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ತೊಟ್ಟಿ ತುಂಬಿರುವುದು. ನೀರಿಲ್ಲದಾಗ ಸ್ವಿಚ್ ಹಾಕಿದರೆ ವಿದ್ಯುತ್ ಕಾಯಿಲ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಬುಸ್ಸೆನ್ನುತ್ತದೆ, ನೀರು ಬಿಟ್ಟುಬಿಟ್ಟು ಚಿಮ್ಮುತ್ತದೆ, ತೊಟ್ಟಿ ತುಂಬಿದ ಮೇಲೆ ಧಾರೆ ಸಮನಾಗುತ್ತದೆ. ಆದರೆ ಧಾರೆಯೊಂದನ್ನೇ ನಂಬಬಾರದು. ಹಿಮಗಾಲದಲ್ಲಿ ತೊಟ್ಟಿಯನ್ನು ಬರಿದುಮಾಡಿ, ಬೈಪಾಸ್ ವಾಲ್ವ್ ತಿರುಗಿಸಿಡುವ ರೂಢಿಯಿದೆ. ಅದನ್ನು ಮರಳಿ ತಿರುಗಿಸಲು ಮರೆತರೆ ತಣ್ಣೀರು ನೇರವಾಗಿ ಬಿಸಿನೀರಿನ ಕೊಳವೆಗೇ ನುಗ್ಗಿ ನಲ್ಲಿಯಲ್ಲಿ ಸಲೀಸಾಗಿ ಸುರಿಯುತ್ತದೆ, ತೊಟ್ಟಿ ಮಾತ್ರ ಖಾಲಿ. ಕಾಯಿಲ್‌ಗಳು ಹಾಳಾಗುವುದಕ್ಕೆ ಇಂಥ ಮರೆವೂ ಒಂದು ಕಾರಣ.

ಉಕ್ಕಿನ ತೊಟ್ಟಿಯಲ್ಲಿ ಬೆರಳಿನಷ್ಟು ದಪ್ಪದ ಆನೋಡ್ ಸರಳು ಇರುತ್ತದೆ. ತೊಟ್ಟಿಯ ಬದಲು ತಾನು ಸವೆಯುತ್ತದೆ. ಹೊರತೆಗೆದಾಗ ಗೆದ್ದಲು ತಿಂದ ಕಡ್ಡಿಯಂತೆ ಕುಳಿಬಿದ್ದಿದ್ದರೆ ಅದು ಕೆಲಸ ಮಾಡಿದೆ ಎಂದರ್ಥ. ಮುಕ್ಕಾಲು ಸವೆದಾಗ ಹೊಸದನ್ನು ಹಾಕಬೇಕು. ಬಿಚ್ಚುವ ಮೊದಲು ಅನಿಲ, ವಿದ್ಯುತ್ತು, ಪಂಪು ನಿಲ್ಲಿಸಿ, ನೀರು ಆರಿದ ಮೇಲೆ ಒತ್ತಡ ಇಳಿಸುವುದು ಕಡ್ಡಾಯ. ಅಲ್ಯೂಮಿನಿಯಂ ತೊಟ್ಟಿಗಳಿಗೆ ಸಾಮಾನ್ಯವಾಗಿ ಈ ಸರಳು ಬೇಕಿಲ್ಲ.