ಮನೆಯಲ್ಲೇ ಶಿಶುಪಾಲನೆ: ಹೆತ್ತವರೊಡನೆ ಕರಾರು ಹೇಗಿರಬೇಕು?

ಬೆಳಕೆಯಂಥ ಊರಿನಲ್ಲಿ ನೆರೆಮನೆಯ ಕೂಸನ್ನು ನೋಡಿಕೊಳ್ಳುವುದು ಹೊಸ ಸಂಗತಿಯಲ್ಲ. ತಾಯಿ ಮೀನುಪೇಟೆಗೋ ಭಟ್ಕಳದ ಅಂಗಡಿ ಕೆಲಸಕ್ಕೋ ಹೋದರೆ ಪಕ್ಕದ ಮನೆಯ ಅಕ್ಕ ಮಗುವಿಗೆ ಗಂಜಿ ಉಣಿಸಿ ಮಲಗಿಸುತ್ತಾಳೆ. ಆದರೆ ಅದೇ ಅಕ್ಕ ತಿಂಗಳಿಗೆ ಇಂತಿಷ್ಟು ಎಂದು ಹಣ ಪಡೆದು ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳಲು ಹೊರಟಾಗ ವಿಷಯ ಬೇರೆಯಾಗುತ್ತದೆ. ಅಂಥವರಿಗೂ ಅವರಲ್ಲಿ ಮಗುವನ್ನು ಬಿಡುವ ಹೆತ್ತವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ಇಂಥ ಮನೆಗಳ ಅಗತ್ಯ ಎಲ್ಲಿ ಬರುತ್ತದೆಂಬುದು ಸ್ಪಷ್ಟ. ಅಂಗನವಾಡಿಯಲ್ಲಿ ದಿನವೂ ಕುಳಿತು ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಮನೆಗೆ ಸಿಗುತ್ತದೆ, ನೋಡಿಕೊಳ್ಳುವ ಕೈ ಸಿಗುವುದಿಲ್ಲ. ಸಂಬಳದ ನೌಕರಿಯಲ್ಲಿರುವ ತಾಯಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ಬಂತು. ಮೀನು ಮಾರುವವಳಿಗೆ ಅದೂ ಇಲ್ಲ. ಉದ್ಯೋಗ ಖಾತರಿ ಕೂಲಿಕಾರ ತಾಯಂದಿರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರಕಾರ 2023ರಲ್ಲಿ ಗ್ರಾಮ ಪಂಚಾಯತ್ ಮಟ್ಟದ ‘ಕೂಸಿನ ಮನೆ’ ಯೋಜನೆಯನ್ನು ಪ್ರಕಟಿಸಿತು. ಉಳಿದ ಬಹುಪಾಲು ತಾಯಂದಿರಿಗೆ ನೆರೆಮನೆಯೇ ಗತಿ.

‘ಗುರುತಿನವರ ನಡುವೆ ಕಾಗದ ಯಾಕೆ?’ ಎಂದು ಕೇಳುವವರೇ ಹೆಚ್ಚು. ಗುರುತಿನವರಾದ್ದರಿಂದಲೇ ಬೇಕು ಎನ್ನುತ್ತೇವೆ ನಾವು. ಹಣದ ವಿಷಯ, ತಡವಾದ ವಿಷಯ ಬಾಯಿಬಿಟ್ಟು ಹೇಳಲು ಇಬ್ಬರಿಗೂ ದಾಕ್ಷಿಣ್ಯ. ಕೊನೆಗೆ ಒಂದು ದಿನ ಜಗಳವಾಗಿ ಎರಡು ಮನೆಗಳ ಮಾತೇ ನಿಲ್ಲುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯಂತೆ ಬಾಯಿಮಾತಿನ ಕರಾರಿಗೂ ಬೆಲೆಯುಂಟು, ಆದರೆ ಯಾರು ಏನು ಹೇಳಿದ್ದರೆಂದು ತೋರಿಸುವುದು ಕಷ್ಟ.

ಕರಾರಿನಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು, ಸಂಜೆ ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಎಂಬುದು. ಹೆಸರು, ಸಂಬಂಧ, ಫೋನ್ ಸಂಖ್ಯೆ ಮೂರೂ ಇರಲಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ, ಮಗುವಿನ ಸ್ವಂತ ಮಾವನೇ ಆದರೂ, ತಾಯಿಗೆ ಫೋನ್ ಮಾಡಿ ಕೇಳದೆ ಕಳುಹಿಸಬಾರದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತಂದೆ ಗಲ್ಫಿನಲ್ಲಿರುತ್ತಾರೆ. ಅಲ್ಲಿ ತಾಯಿಯ ಜೊತೆಗೆ ಊರಿನಲ್ಲಿರುವ ಇನ್ನೊಬ್ಬ ಹಿರಿಯರ ಹೆಸರು ಕಡ್ಡಾಯ. ತಂದೆ-ತಾಯಿ ಬೇರೆಯಾಗಿ ಮಗುವಿನ ಬಗ್ಗೆ ನ್ಯಾಯಾಲಯದ ಆದೇಶವಿದ್ದರೆ ಅದರ ಪ್ರತಿಯನ್ನು ಪಡೆದಿಡಬೇಕು. ಒಬ್ಬರ ಪಕ್ಷ ಹಿಡಿಯುವುದು ಮಗು ನೋಡಿಕೊಳ್ಳುವವರ ಕೆಲಸವಲ್ಲ.

ಎರಡನೆಯದು ಕಾಯಿಲೆ. ಜ್ವರ, ವಾಂತಿ-ಭೇದಿ ಇರುವ ದಿನ ಮಗುವನ್ನು ತರಬಾರದೆಂದು ಬರೆದರೆ ಸಾಲದು. ಮಧ್ಯಾಹ್ನ ಜ್ವರ ಬಂದರೆ ಎಷ್ಟು ಹೊತ್ತಿನೊಳಗೆ ತಾಯಿ ಬರಬೇಕು, ಬರಲಾಗದಿದ್ದರೆ ಯಾವ ಆಸ್ಪತ್ರೆಗೆ, ಯಾರ ಖರ್ಚಿನಲ್ಲಿ ಎಂಬುದೂ ಇರಬೇಕು. ಔಷಧಿಯ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಜ್ವರದ ಪ್ಯಾರಾಸಿಟಮಾಲ್ ಹನಿಗಳ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ; ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 125 ಅಥವಾ 250. ಸಿರಪ್ಪಿನ ಲೆಕ್ಕದಲ್ಲಿ ಹನಿ ಔಷಧಿಯನ್ನು ಕುಡಿಸಿದರೆ ಎರಡರಿಂದ ನಾಲ್ಕು ಪಟ್ಟು ಹೆಚ್ಚಾಗುತ್ತದೆ. ಆದ್ದರಿಂದ ಮಗುವಿನ ಹೆಸರು ಬರೆದ ಬಾಟಲಿ, ವೈದ್ಯರ ಚೀಟಿ ಎರಡನ್ನೂ ತಾಯಿಯೇ ಕೊಟ್ಟಿದ್ದರೆ ಮಾತ್ರ ಔಷಧಿ ಹಾಕುವುದು ಎಂದು ಬರೆಯಿರಿ. ತಾಯಿ ಕಾರ್ಡಿನ ಲಸಿಕೆ ಪುಟದ ನಕಲು ಕರಾರಿಗೆ ಲಗತ್ತಾಗಿರಲಿ.

ಊಟದ ವಿಷಯದಲ್ಲಿ ಮುಚ್ಚುಮರೆ ಬೇಡ. ಕೊಂಕಣಿ, ನವಾಯತಿ, ಕನ್ನಡ ಮಾತಾಡುವ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತು ಉಣ್ಣುವ ಸೀಮೆ ಇದು. ಮನೆಯಲ್ಲಿ ಮೀನು-ಮಾಂಸ ಬೇಯಿಸುವುದಾದರೆ ಮೊದಲೇ ಹೇಳಿ; ಯಾವ ಮಗುವಿಗೆ ಏನು ಕೊಡಬಾರದೆಂದು ಬರೆದುಕೊಳ್ಳಿ. ಸಿಗಡಿ ತಿಂದರೆ ಮೈ ದದ್ದರಿಸುವ ಮಕ್ಕಳಿದ್ದಾರೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು, ಅಜ್ಜಿಯರು ಏನೇ ಹೇಳಲಿ. ಬಾವಿಗೆ ಕಟ್ಟೆ, ಅದರ ಮೇಲೆ ಬಲೆ, ಅಂಗಳಕ್ಕೆ ಗೇಟು ಇದೆಯೇ ಎಂಬುದನ್ನು ಹೆತ್ತವರು ಸಹಿ ಮಾಡುವ ಮೊದಲು ಕಣ್ಣಾರೆ ನೋಡಬೇಕು. ಮಕ್ಕಳ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬಾರದು.

ಹಣ: ತಿಂಗಳ ಯಾವ ತಾರೀಕಿಗೆ, ಮಗು ಬಾರದ ದಿನಕ್ಕೂ ಕೊಡಬೇಕೇ, ತಡವಾದರೆ ಗಂಟೆಗೆ ಎಷ್ಟು. ಕರಾವಳಿಗೇ ಸೇರಿದ ಎರಡು ಪ್ರಶ್ನೆಗಳೂ ಇವೆ. ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿಗಳು ಶಾಲೆ-ಅಂಗನವಾಡಿಗಳಿಗೆ ರಜೆ ಸಾರಿದ ದಿನ ನಿಮ್ಮ ಮನೆ ತೆರೆದಿರುತ್ತದೆಯೇ? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯದಾಗ ಮೀನುಗಾರ ಕುಟುಂಬ ಪೂರ್ತಿ ಹಣ ಕೊಡಬೇಕೇ, ಅರ್ಧವೇ, ಜಾಗ ಕಾದಿರಿಸಲು ಸ್ವಲ್ಪವೇ? ಅರ್ಧ ಪಡೆದು ಜಾಗ ಉಳಿಸಿಕೊಡುವುದು ಇಬ್ಬರಿಗೂ ಭಾರವಾಗದೆಂದು ನಮ್ಮ ಅಭಿಪ್ರಾಯ.

‘ಏನೇ ಆದರೂ ನಾವು ಹೊಣೆಯಲ್ಲ’ ಎಂಬ ಸಾಲನ್ನು ಕೆಲವರು ಧೈರ್ಯಕ್ಕೆಂದು ಸೇರಿಸುತ್ತಾರೆ. ಅದರಿಂದ ರಕ್ಷಣೆಯಿಲ್ಲ. ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತರುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ಅಪರಾಧ. ಹೆತ್ತವರ ಸಹಿ ಅದನ್ನು ಅಳಿಸದು. ಹಾಗೆಯೇ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ, ತಿಳಿಸದಿದ್ದರೆ ಶಿಕ್ಷೆಯುಂಟು. ಮನೆತನದ ಮರ್ಯಾದೆ, ಊರಿನ ಮಾತು ಇಲ್ಲಿ ನೆಪವಾಗದು. ಮಕ್ಕಳ ಸಹಾಯವಾಣಿ 1098ನ್ನು ಕರಾರಿನಲ್ಲೇ ಬರೆದಿಡಿ. ಹಗಲಿನಲ್ಲಿ ಆ ಮನೆಯಲ್ಲಿ ಇರುವ ದೊಡ್ಡವರೆಲ್ಲರ ಹೆಸರೂ ಅದರಲ್ಲಿರಬೇಕು. ಇದನ್ನು ಕೇಳಿದರೆ ಬೇಸರಿಸುವ ಮನೆಯಲ್ಲಿ ಮಗುವನ್ನು ಬಿಡದಿರುವುದೇ ಒಳ್ಳೆಯದು.

ಬರಹ ಸರಳ ಕನ್ನಡದಲ್ಲಿ ಎರಡು ಪುಟ ಮೀರದಿರಲಿ. ಓದಲು ಬಾರದ ತಾಯಿಗೆ ಅವಳ ಮಾತಿನಲ್ಲೇ ಪೂರ್ತಿ ಓದಿ ಹೇಳಿ, ಸಾಕ್ಷಿಯೊಬ್ಬರ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಎರಡು ಪ್ರತಿ ಮಾಡಿ, ಇಬ್ಬರೂ ಒಂದೊಂದು ಇಟ್ಟುಕೊಳ್ಳಿ. ಮುಂದೆ ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾಗಬಹುದು ಎನಿಸಿದರೆ ಛಾಪಾ ಕಾಗದದ ಮೇಲೆ ಮಾಡಿಸುವುದು ಕ್ಷೇಮ. ಎಷ್ಟು ಬೆಲೆಯದೆಂದು ವಕೀಲರನ್ನೋ ಪತ್ರ ಬರಹಗಾರರನ್ನೋ ಕೇಳಿ. ನಿಲ್ಲಿಸುವುದಾದರೆ ಯಾರೇ ಆಗಲಿ ಒಂದು ತಿಂಗಳು ಮೊದಲೇ ತಿಳಿಸಬೇಕೆಂಬ ಸಾಲು ಸೇರಿಸಿ. ಫೋನ್ ಸಂಖ್ಯೆಗಳು ಬದಲಾಗುತ್ತಿರುತ್ತವೆ, ಕೂಸು ದೊಡ್ಡದಾಗುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚೆ, ಹೊಸದಾಗಿ ಬರೆದುಕೊಳ್ಳಿ.